ಜನರಲ್ ಟಿಕೆಟ್ಟಿನ ನೆಂಟಸ್ತಿಕೆ

ನಮ್ಮೂರಲ್ಲಿ ಬೈಯುವುದಕ್ಕೆ ಅಡ್ಡಿಯಿಲ್ಲ, ಯಾರನ್ನು ಬೇಕಾದರೂ ಬಾಯಿತುಂಬ ಬೈಯಬಹುದು. ಕರೆಯುವಾಗ ಮಾತ್ರ ಎಚ್ಚರವಾಗಿರಬೇಕು. ಎದುರಿಗಿದ್ದವನ ಕಿವಿಗೆ ಬೀಳುವಂತೆ ಅಣ್ಣ ಎಂದಿರೋ, ಅವನು ಅಣ್ಣನಾಗಿಬಿಡುತ್ತಾನೆ. ಅಯ್ಯೋ ಬಾಯಿತಪ್ಪಿ ಬಂತು ಎಂದು ಆಮೇಲೆ ಹಲ್ಲುಗಿಂಜಿದರೆ ನಡೆಯುವುದಿಲ್ಲ. ಗೌರಿಹಬ್ಬಕ್ಕೆ ಅವನು ಬಾಗಿನ ಹಿಡಿದು ಬರುತ್ತಾನೆ, ನಿಮ್ಮ ಮನೆಯ ಮದುವೆಯಲ್ಲಿ ತನ್ನನ್ನು ಸರಿಯಾಗಿ ಮಾತಾಡಿಸಲಿಲ್ಲವೆಂದು ಮುನಿಸಿಕೊಳ್ಳುತ್ತಾನೆ, ಅವನ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಿಮಗೂ ಸೂತಕ. ಹೊರಗಿನವರು ಬಂದರೂ ಊರೊಳಗೆ ಕಾಲಿಟ್ಟ ಮೇಲೆ ಅವರಿಗೂ ಇದೇ ಕಟ್ಟು. ಹೀಗಾಗಿ ನಾವು ಪೇಟೆಯಲ್ಲಿ ಒಬ್ಬರನ್ನೊಬ್ಬರು ಕೊತ್ತಂಬರಿಯವರೇ, ಬಸ್ಸಿನವರೇ, ನೀಲಿ ಅಂಗಿಯವರೇ ಎಂದು ಕರೆದುಕೊಂಡು ಮರ್ಯಾದೆಯಿಂದ ಬದುಕುತ್ತೇವೆ. ನಮ್ಮದು ಹಿಟ್ಟಿನ ಗಿರಣಿ, ಆದ್ದರಿಂದ ನನ್ನನ್ನು ಗಿರಣಿಯವರೇ ಎನ್ನುತ್ತಾರೆ.

ಮಾತಿನ ಬಾಲಕ್ಕೆ ಅಂಟಿಕೊಂಡು ಬರುವ ಅಪ್ಪ, ಅಮ್ಮಗಳದ್ದು ಇನ್ನೂ ದೊಡ್ಡ ಕಾಟ. ನನ್ನ ಗಂಡ ಒಮ್ಮೆ ಅಂಚೆಯವರ ಜೊತೆ ಜಗಳಕ್ಕೆ ನಿಂತು, ಕೊನೆಗೆ ಬೇಸತ್ತು, "ಸಾಕು ಹೋಗಪ್ಪಾ" ಎಂದುಬಿಟ್ಟರು. ಅಪ್ಪ ಎನ್ನಿಸಿಕೊಂಡ ಮೇಲೆ ಅವರಾದರೂ ಎಲ್ಲಿಗೆ ಹೋಗಬೇಕು? ಅವತ್ತೇ ಹಾಸಿಗೆ ತಂದರು. ಈಗ ನಮ್ಮ ನಡುಮನೆಯಲ್ಲಿ ಮಂಚ ಹಾಕಿಕೊಂಡು, ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾ ಇದ್ದಾರೆ, ನನ್ನ ಮಾವನವರು. ಇನ್ನೊಂದು ಸಲ ಯಾವುದೋ ಉದ್ಘಾಟನೆಗೆ ಬಂದ ಭಾಷಣಕಾರರು ಮೈಕಿನ ಮುಂದೆ ನಿಂತು, "ನನ್ನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ" ಎಂದು ಶುರುಮಾಡಿದರು. ಪಾಪ, ಆ ಮನುಷ್ಯ ಇನ್ನೂ ತಮ್ಮೂರಿಗೆ ವಾಪಸು ಹೋಗಿಲ್ಲ. ಹೊರಡೋಣ ಎಂದುಕೊಂಡಾಗಲೆಲ್ಲ ಇಲ್ಲಿ ಯಾರದೋ ನಾಮಕರಣ, ಯಾರದೋ ತಿಥಿ.

ಚಂಪಕಾ ನನ್ನ ನಾದಿನಿಯಾದದ್ದೂ ಹೀಗೆಯೇ. ನಾನು ಹೊಸದಾಗಿ ಮದುವೆಯಾಗಿ ಬಂದಿದ್ದೆ, ಗಂಡನಿಗೆ ಅಕ್ಕತಂಗಿಯರಿಲ್ಲ ಎಂದು ತಿಳಿದು ಸಮಾಧಾನವಾಗಿದ್ದೆ. ಎದುರು ಬೀದಿಯಲ್ಲಿ ಯಾರ್ಯಾರ ಮನೆಯಲ್ಲೋ ಬೆಳೆಯುತ್ತಿದ್ದ, ಹೆತ್ತವರಿಲ್ಲದ ಹುಡುಗಿಯೊಬ್ಬಳು ಬಾಗಿಲಿಗೆ ಬಂದು, "ಅತ್ತಿಗೇ, ಒಂಚೂರು ಬೆಲ್ಲ ಕೊಡ್ತೀರಾ?" ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಅದೇ ಗಳಿಗೆಯಲ್ಲಿ, ಈ ಹುಡುಗಿ ಊಟ ಮಾಡಿದ್ದಾಳೋ ಇಲ್ಲವೋ ಎಂಬ ಸಂಕಟವೂ ಶುರುವಾಯಿತು. ನಮ್ಮೂರಿನ ಕಟ್ಟು ಹಿಡಿಯುವುದೇ ಹೀಗೆ, ಸಿಟ್ಟು ಸಿಟ್ಟಿನ ಪಾಡಿಗೆ ಇರುತ್ತದೆ, ಕೈ ಮಾತ್ರ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಬೇಕೆಂದೇ ಕರೆದಳೋ, ತಿಳಿಯದೆ ಕರೆದಳೋ ನಾನು ಇವತ್ತಿಗೂ ಕೇಳಿಲ್ಲ.

ಅದೊಂದು ಕರೆಯ ಮೇಲೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮುಂದೆ ನಮ್ಮ ಹಿತ್ತಲ ಕೋಣೆಯಲ್ಲೇ ಹೊಲಿಗೆ ಮಿಷನ್ನು ಇಟ್ಟು ರವಿಕೆ ಹೊಲಿಯತೊಡಗಿದಳು. ಅಳತೆ ತೆಗೆಯಲು ಹೆಂಗಸರು ಬಂದರೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು, ಮಾತಿನ ಭರದಲ್ಲಿ ಅಕ್ಕ ಗಿಕ್ಕ ಎಂದು ಜಾರೀತು ಎಂಬ ಹೆದರಿಕೆ. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಬಂದ ಗಂಡುಗಳನ್ನೆಲ್ಲ ನೋಡಿ ಸುಮ್ಮನೆ ಸೂಜಿ ಕಚ್ಚಿ ಕೂರುತ್ತಿದ್ದಳು.

ನಮ್ಮೂರಲ್ಲಿ ಹೆಣ್ಣಿಗೆ ಒಬ್ಬ ಗಂಡಸು ಮನಸ್ಸಿಗೆ ಹಿಡಿದರೆ ಅವನನ್ನು ಏನೆಂದೂ ಕರೆಯುವುದಿಲ್ಲ. ಕೊತ್ತಂಬರಿಯವರೇ ಎಂದೂ ಇಲ್ಲ, ನೀಲಿ ಅಂಗಿಯವರೇ ಎಂದೂ ಇಲ್ಲ. ಅವನು ಬಂದರೆ ಗಾಳಿಗೆ ಹೇಳಿದ ಹಾಗೆ ಮಾತು ಶುರುವಾಗುತ್ತದೆ. ಪಕ್ಕದಲ್ಲಿದ್ದವರಿಗೆ ಅಷ್ಟು ಸಾಕು. ಹೋದ ವರ್ಷ ವಾದ್ಯಗೋಷ್ಠಿಯ ತಂಡವೊಂದು ಬಂದು, ಅವರ ಬಸ್ಸು ಕೆಟ್ಟು, ಕೆಲವು ದಿನ ಇಲ್ಲೇ ಉಳಿಯಿತು. ಅದರಲ್ಲಿ ಮ್ಯಾಂಡೋಲಿನ್ ನುಡಿಸುವ ಗುಣಪಾಲ ಎನ್ನುವವರು ತಮ್ಮ ಕೋಟಿನ ತೋಳು ಹರಿಯಿತೆಂದು ಚಂಪಕಾಳ ಹತ್ತಿರ ಬಂದರು. ಬಡಗಣ ಸೀಮೆಯವರು, ಮಾತಿಗೊಂದು ಯಕ್ಕಾ, ಯಪ್ಪಾ ಎನ್ನುವ ಜನ. ಅವರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಇವಳು ಕತ್ತರಿ ಎತ್ತಿ, "ನನ್ನನ್ನ ಏನಂತಲೂ ಕರೀಬೇಡಿ" ಎಂದಳು. ಅವರು ಗಾಬರಿಯಾಗಿ ಕೋಟು ಮುಂದೆ ಹಿಡಿದರು. ಅವತ್ತಿನಿಂದ ಆ ಕೋಟು ದಿನಕ್ಕೊಂದು ಕಡೆ ಹರಿಯತೊಡಗಿತು. ಅದು ಬ್ಲೇಡಿನಿಂದ ಹರಿದದ್ದೆಂದು ನನ್ನಂಥ ಅರೆಗಣ್ಣಿನವಳಿಗೂ ಕಾಣುತ್ತಿತ್ತು. ಅವಳು ಮಾತ್ರ ಬಹಳ ಗಂಭೀರವಾಗಿ, ಬಟ್ಟೆ ಹಳತಾಗಿದೆ ಎಂದು ಹೇಳಿ ಹೊಲಿದು ಕೊಡುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಏನೆಂದೂ ಕರೆಯಲಿಲ್ಲ. ನಾನು ಗಿರಣಿಯಿಂದ ನೋಡುತ್ತಾ ಹೊಟ್ಟೆ ತುಂಬ ಖುಷಿಪಟ್ಟೆ.

ಬಸ್ಸು ರಿಪೇರಿಯಾಗಿ ಹೊರಡುವ ದಿನ ಅವರು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತರು. "ಬಾಯಿಲೆ ಕೇಳಿದ್ರ ನೀವು ಬಾಯಿಲೆ ಬ್ಯಾಡ ಅನಬೇಕಾಗತದ, ನಿಮಗ ಕಷ್ಟ. ಬರೋ ವರ್ಷ ಮತ್ತ ಬರ್ತೀವಿ. ಕಡೀ ಹಾಡಿಗೆ ನೀವು ಮುಂದಿನ ಸಾಲಿನ್ಯಾಗ ನಿಂತಿದ್ರ ಹೂಂ ಅಂದಂಗ. ಇಲ್ಲಂದ್ರ ನಾ ಮತ್ತ ತ್ರಾಸ ಕೊಡಂಗಿಲ್ಲ," ಎಂದರು. ಚಂಪಕಾ ತಲೆಯಾಡಿಸಿದಳು. ಅವರು ಹೋದ ಮೇಲೆ ಬಾಯಿಯೊಳಗಿನ ಗುಂಡುಸೂಜಿ ತೆಗೆದಳು. ಊರೂರು ತಿರುಗುವವರಿಗೆ ವಿಳಾಸ ಎಲ್ಲಿಂದ ಬರಬೇಕು, ಹೀಗಾಗಿ ಒಂದು ವರ್ಷ ಆ ಮಾತೊಂದನ್ನೇ ನೆಚ್ಚಿಕೊಂಡು ಕೂತಿದ್ದಳು.

ಈ ವರ್ಷ ತಂಡ ಬಂತು. ಗೋಡೆಗೆಲ್ಲ ಅಂಟಿಸಿದ್ದರು: ಸಂತೆ ಮೈದಾನ, ಮಧ್ಯಾಹ್ನ ನಾಲ್ಕಕ್ಕೆ ಶುರು, ಮುಗಿದ ಕೂಡಲೇ ಅದೇ ಬಸ್ಸಿನಲ್ಲಿ ಮುಂದಿನ ಊರಿಗೆ. ಕುರ್ಚಿಯಿಲ್ಲ, ನಂಬರಿಲ್ಲ, ಎಲ್ಲರಿಗೂ ಒಂದೇ ಜನರಲ್ ಟಿಕೆಟ್ಟು, ಮೊದಲು ಬಂದವರು ಮುಂದೆ. ಮುಂಚೆ ಹೋಗಿ ಮಾತಾಡಿಸಿಬಿಡೋಣ ಎಂದರೆ ಅವರ ಬಸ್ಸು ನೇರ ವೇದಿಕೆಯ ಹಿಂದಕ್ಕೇ ಹೋಗಿ ನಿಂತಿತು, ಸುತ್ತ ತಗಡಿನ ಮರೆ. ಇನ್ನೇನು ಮಾಡುವುದು, ನಾವು ಬೆಳಗಿನ ತಿಂಡಿ ಮುಗಿಸಿದ್ದೇ ಮೈದಾನದ ಮೂಡಲ ಬಾಗಿಲಿಗೆ ಹೋಗಿ ನಿಂತೆವು. ನಮಗಿಂತ ಮುಂದೆ ಇದ್ದದ್ದು ಬಾಗಿಲು ಮಾತ್ರ. ನಾನು ಮಡಚುವ ಸ್ಟೂಲು, ಮೊಸರನ್ನದ ಡಬ್ಬಿ ಎಲ್ಲ ತಂದಿದ್ದೆ. ಹಿಂದೆ ಸಾಲು ಬೆಳೆದು ಬೆಳೆದು ಮೈದಾನವನ್ನು ಅರ್ಧ ಸುತ್ತಿ ಆಚೆ ಪಡುವಣ ಬಾಗಿಲಿನವರೆಗೆ ಹೋಯಿತು. ಬಿಸಿಲಲ್ಲಿ ನಿಂತು ನಾವು ಹಿಂದಿನವರನ್ನು ನೋಡಿ ಅಯ್ಯೋ ಪಾಪ ಎಂದುಕೊಳ್ಳುತ್ತಿದ್ದೆವು.

ಸಂಘಟಕರು ತೆಗೆದದ್ದು ಪಡುವಣ ಬಾಗಿಲು. ಮೂಡಲ ಬಾಗಿಲಿನ ಬೀಗದ ಕೈ ಎಲ್ಲೋ ಬಿದ್ದುಹೋಗಿದೆ, ಎಲ್ಲರೂ ಆ ಕಡೆಯಿಂದ ಬನ್ನಿ ಎಂದು ಮೈಕಿನಲ್ಲಿ ಹೇಳಿದರು. ಸಾಲಿನ ಬಾಲವೇ ತಲೆಯಾಯಿತು. ಊಟ ಮುಗಿಸಿ ನಿದ್ದೆ ಮಾಡಿ ಆಕಳಿಸುತ್ತಾ ಬಂದವರೆಲ್ಲ ಓಡಿಹೋಗಿ ವೇದಿಕೆಯ ಮುಂದಿನ ಬಿದಿರ ಬೇಲಿ ಹಿಡಿದರು. ಬೆಳಗಿನಿಂದ ಒಣಗಿದ ನಾವು ಮೈದಾನದ ಕೊನೆಯಲ್ಲಿ, ಕಡಲೆಕಾಯಿ ಹುರಿಯುವವರ ಪಕ್ಕದಲ್ಲಿ ನಿಂತೆವು. ನಾನು ಸಂಘಟಕರಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ. ಚಂಪಕಾ ತುದಿಗಾಲಲ್ಲಿ ನಿಂತು ವೇದಿಕೆಯ ಎಡಮೂಲೆಯನ್ನು ಹುಡುಕುತ್ತಿದ್ದಳು. ಅಲ್ಲಿ ನಮ್ಮ ಕಿರುಬೆರಳಿನಷ್ಟು ದೊಡ್ಡ ಗುಣಪಾಲರು ಮ್ಯಾಂಡೋಲಿನ್ನಿಗೆ ಶ್ರುತಿ ಹಿಡಿಯುತ್ತಿದ್ದರು. ಅದೇ ಕೋಟು.

ಸ್ವಲ್ಪ ಜಾಗ ಬಿಡಿ ಎಂದರೆ ಯಾವ ಊರಿನವರೂ ಬಿಡುವುದಿಲ್ಲ, ನಮ್ಮವರಂತೂ ಕಂಬಗಳು. ನೂಕಿದರೆ ಅವರೂ ನೂಕುತ್ತಾರೆ. ಜಾಗ ಸಿಗಬೇಕಾದರೆ ನೆಂಟರಾಗಬೇಕು. ಅಣ್ಣ ಎನ್ನಿಸಿಕೊಂಡವನು ತಂಗಿಯನ್ನು ಬೆನ್ನ ಹಿಂದೆ ನಿಲ್ಲಿಸಿಕೊಳ್ಳಲಾರ, ಅವನ ಕಾಲೇ ಪಕ್ಕಕ್ಕೆ ಸರಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವುದರಿಂದಲೇ ಮುಂದಿನ ಸಾಲುಗಳವರು ಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲುತ್ತಾರೆ. ಬಾಗಿಲಲ್ಲಿ ಕಡಲೆಕಾಯಿಯ ಪಕ್ಕದಲ್ಲೇ ಹತ್ತಿಯನ್ನೂ ಮಾರುತ್ತಾರೆ. ಸಂಗೀತ ಕೇಳಲು ಬಂದು ಕಿವಿ ಮುಚ್ಚಿಕೊಳ್ಳುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ತಮಗೆ ತೀರ ಬೇಕಾದ ಹಾಡು ಬಂದಾಗ ಹತ್ತಿ ತೆಗೆದು ಕೇಳಿ, ಮತ್ತೆ ಇಟ್ಟುಕೊಳ್ಳುತ್ತಾರೆ.

ನಮ್ಮೆದುರಿಗೆ ಮೊದಲು ಸಿಕ್ಕಿದ್ದು ವೀಳ್ಯದೆಲೆ ಅಂಗಡಿಯವರ ಬೆನ್ನು. ಅಗಲವಾದ ಮನುಷ್ಯ, ಅವರ ಹಿಂದೆ ನಿಂತರೆ ವೇದಿಕೆಯಿರಲಿ, ಆಕಾಶವೂ ಅರ್ಧ ಕಾಣುವುದಿಲ್ಲ. ಒಂದು ಹಾಡು ಮುಗಿಯಿತು, ಇನ್ನೊಂದು ಮುಗಿಯಿತು. ಕರೆದುಬಿಡೇ ಎಂದು ನಾನು ಚಂಪಕಾಳ ಬೆನ್ನಿಗೆ ತಿವಿದೆ. ಅವಳು ತಲೆ ಅಲ್ಲಾಡಿಸಿದಳು. "ಒಂದು ಪದ ಅಂದ್ರೆ ಒಂದು ಜನ್ಮದ ಮಾತು, ಅತ್ತಿಗೆ," ಎಂದಳು. ಬೆಲ್ಲ ಕೇಳುವಾಗ ಈ ಬುದ್ಧಿ ಎಲ್ಲಿಗೆ ಹೋಗಿತ್ತೋ. ನಾನು ಅದನ್ನು ಆಡಿ ತೋರಿಸದೆ, ವೇದಿಕೆಯ ಕಡೆಗೆ ಬೆರಳು ತೋರಿಸಿದೆ. ಗುಣಪಾಲರು ನುಡಿಸುತ್ತಾ ನುಡಿಸುತ್ತಾ ಮುಂದಿನ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತಿದ್ದರು. ಮುಗಿಸಿ ಮತ್ತೆ ಮೊದಲ ತುದಿಯಿಂದ ನೋಡತೊಡಗಿದರು.

ಚಂಪಕಾ ಅದನ್ನು ನೋಡಿದವಳೇ ವೀಳ್ಯದೆಲೆಯವರ ಕಿವಿಗೆ ಬಾಯಿಟ್ಟು "ಅಣ್ಣಾ" ಎಂದಳು.

ಅವರು ತಿರುಗಿದರು. ಅಷ್ಟು ದೊಡ್ಡ ಮುಖ ಮಗುವಿನ ಹಾಗೆ ಮುದುಡಿ, ಕಣ್ಣಲ್ಲಿ ನೀರು ಬಂತು. ಅವರನ್ನು ಹುಟ್ಟಿದಾಗಿನಿಂದ ಯಾರೂ ಅಣ್ಣ ಎಂದಿರಲಿಲ್ಲವಂತೆ. ಊಟ ಆಯಿತಾ, ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ, ಈ ಬಾರಿ ಗೌರಿಗೆ ಯಾವ ಬಣ್ಣದ ಸೀರೆ ತರಲಿ ಎಂದು ಒಂದೇ ಉಸಿರಿಗೆ ಕೇಳಿದರು. ಅವಳ ಅಣ್ಣನೆಂದರೆ ನನಗೆ ಭಾವ, ನಾನು ಅಲ್ಲೇ ಸೆರಗು ಹೊದ್ದು ತಲೆ ತಗ್ಗಿಸಬೇಕಾಯಿತು. ಅವರು ತಮ್ಮ ಅಗಲವಾದ ಮೈಯಿಂದಲೇ ಜನರನ್ನು ಸೀಳಿ ನಮ್ಮನ್ನು ಮೈದಾನದ ನಡುಮಧ್ಯಕ್ಕೆ ತಂದು ಬಿಟ್ಟರು.

ಅಲ್ಲಿ ಕನ್ಯಾಶಾಲೆಯ ಹೆಡ್‌ಮಿಸ್ಸು ಬಿಚ್ಚಿದ ಕೊಡೆ ಹಿಡಿದು ನಿಂತಿದ್ದರು. ಮಳೆಯಿಲ್ಲ, ಬಿಸಿಲು ಇಳಿದಿತ್ತು, ಆದರೂ ಕೊಡೆ ಮಡಚುವುದಿಲ್ಲ. ಮಡಚಿದರೆ ಹಿಂದಿನವರು ಹತ್ತಿರ ಬಂದು ಕರೆದುಬಿಡುತ್ತಾರೆಂಬ ಲೆಕ್ಕಾಚಾರ. ಚಂಪಕಾ ಬಗ್ಗಿ ಕೊಡೆಯ ಒಳಗೆ ತಲೆ ತೂರಿಸಿ "ಅಕ್ಕಾ" ಎಂದಳು. ಹೆಡ್‌ಮಿಸ್ಸು ಕೂಡಲೇ ಕೊಡೆ ಮಡಚಿ, ಇವಳನ್ನು ಮೇಲಿಂದ ಕೆಳಗೆ ನೋಡಿ, ಊರಿಗೆಲ್ಲ ರವಿಕೆ ಹೊಲಿಯುವವಳು ನಿನ್ನದೇ ತೋಳು ಹೀಗೆ ಬಿಗಿಯಾಗಿ ಹೊಲಿದುಕೊಳ್ಳುವುದೇ ಎಂದು ಗದರಿದರು. ಆಮೇಲೆ ಅದೇ ಕೊಡೆಯ ತುದಿಯಿಂದ ಮುಂದಿನವರ ಬೆನ್ನು ತಿವಿಯುತ್ತಾ ತಂಗಿಗೆ ದಾರಿ ಮಾಡಿಕೊಟ್ಟರು. ಇರುವ ಒಬ್ಬಳು ನಾದಿನಿಯೇ ನನಗೆ ಸಾಕಾಗಿತ್ತು, ಈಗ ಹಿರಿಯ ನಾದಿನಿಯೂ ಬಂದರು. ನಿಮ್ಮ ಗಿರಣಿಯಲ್ಲಿ ರಾಗಿಯನ್ನು ತರಿ ತರಿಯಾಗಿ ಬೀಸುತ್ತೀರಿ ಎಂದು ಅಲ್ಲೇ ಶುರುಮಾಡಿದರು.

ಹೀಗೆ ಬಿದಿರ ಬೇಲಿಗೆ ನಾಲ್ಕು ಮಾರು ದೂರಕ್ಕೆ ಬಂದೆವು. ಅಲ್ಲಿಂದ ಮುಂದೆ ಗೋಡೆ. ನಮ್ಮೂರಿನ ವಾಲಿಬಾಲ್ ತಂಡದ ಆರೂ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಮೀಸೆ ಹೊತ್ತ, ತೆಂಗಿನ ಮರದೆತ್ತರದ ಗಂಡಸರು, ಎಲ್ಲರ ಕಿವಿಯಲ್ಲೂ ಹತ್ತಿ. ಚಂಪಕಾ ಹಿಂದೆ ನಿಂತು ಬಾಯಿ ಬಾಯಿ ಬಡಿದುಕೊಂಡರೂ ಅವರಿಗೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲೆ ಹಾಡುವವರು ಹಿಂದೆ ಸರಿದು ಮ್ಯಾಂಡೋಲಿನ್ ಒಂದೇ ಶುರುವಾಯಿತು. ಆರೂ ಜನ ಒಟ್ಟಿಗೆ ಕೈ ಎತ್ತಿ ಹತ್ತಿ ತೆಗೆದರು.

ಚಂಪಕಾಳ ಮುಖ ನೋಡಬೇಕಿತ್ತು ನೀವು. ಒಂದು ವರ್ಷದಿಂದ ಕಾದ ಮ್ಯಾಂಡೋಲಿನ್ ಅದು. ಕಣ್ಣು ಮುಚ್ಚಿಕೊಂಡು ಕೇಳುತ್ತಾ ನಿಲ್ಲುವುದೋ, ಆ ನಾದದ ಮೇಲೆ ಕೂಗಿ ದಾರಿ ಕೇಳುವುದೋ? ಕೇಳುತ್ತಾ ನಿಂತರೆ ಅವರು ಹತ್ತಿ ವಾಪಸು ಇಟ್ಟುಕೊಳ್ಳುತ್ತಾರೆ. ಅವಳಿಗೆ ದುಃಖ ಬಂತು, ನನಗೂ ಬಂತು. ಮತ್ತೆ ಆರು ಜನರನ್ನು ಬೇರೆ ಬೇರೆ ಕರೆಯುವಷ್ಟು ಹೊತ್ತಿಲ್ಲ, ಒಂದೇ ಪದದಲ್ಲಿ ಮುಗಿಸಬೇಕು. ಅಣ್ಣಂದಿರಾ ಎಂದರೆ ಮದುವೆಯ ಮಾತು ಬಂದಾಗ ಆರು ಜನ ಅಣ್ಣಂದಿರೂ ಒಪ್ಪಬೇಕು, ಒಬ್ಬ ಮೂಗು ಮುರಿದರೂ ಕೆಲಸ ಕೆಟ್ಟಿತು. ಎದುರಾಡದವರು ಯಾರಿದ್ದಾರೆ ಎಂದು ಯೋಚಿಸಿದಳೆಂದು ಕಾಣುತ್ತದೆ. ಮದುವೆಯಾಗದ ನನ್ನ ನಾದಿನಿ ಆ ಆರು ಮೀಸೆಗಳ ಹಿಂದೆ ನಿಂತು ಗಟ್ಟಿಯಾಗಿ, "ಮಕ್ಕಳಾ, ದಾರಿ ಬಿಡಿ" ಎಂದಳು.

ಆರೂ ಜನ ತಿರುಗಿ "ಅಮ್ಮಾ" ಎಂದರು. ಎಲ್ಲರ ದನಿಯೂ ಹಸಿದಿತ್ತು. ಆಮೇಲೆ ನನ್ನ ಕಡೆ ತಿರುಗಿ "ಅತ್ತೇ" ಎಂದರು, ನಾನು ಹೂಂ ಎನ್ನುವಷ್ಟರಲ್ಲಿ ಮೊಸರನ್ನದ ಡಬ್ಬಿ ಅವರ ಕೈಯಲ್ಲಿತ್ತು. ಏನೇ ಹೇಳಿ, ಒಳ್ಳೆಯ ಮಕ್ಕಳು. ತಿನ್ನುತ್ತಲೇ ತಾಯಿಯನ್ನು ನಡುವೆ ಇಟ್ಟುಕೊಂಡು, ಗಾಳಿಯೂ ತಾಗದಂತೆ ಬೇಲಿಯ ಹತ್ತಿರಕ್ಕೆ ಕರೆದೊಯ್ದರು. ಮ್ಯಾಂಡೋಲಿನ್ನಿನ ಆ ಭಾಗ ಅಷ್ಟರಲ್ಲಿ ಮುಗಿದಿತ್ತು, ಅವಳು ಒಂದು ಸ್ವರವನ್ನೂ ಕೇಳಲಿಲ್ಲ.

ಈಗ ಉಳಿದದ್ದು ಒಬ್ಬರು. ಬೇಲಿ ಉದ್ದಕ್ಕೂ ಜನ ಕಿಕ್ಕಿರಿದಿದ್ದರು, ಗುಣಪಾಲರ ನೇರಕ್ಕೆ ಮಾತ್ರ ವಯಸ್ಸಾದ ಹೆಂಗಸೊಬ್ಬರು ಎರಡೂ ಕೈಯಗಲಿಸಿ ಬಿದಿರು ಹಿಡಿದು, ಮೂವರ ಜಾಗದಲ್ಲಿ ಒಬ್ಬರೇ ನಿಂತಿದ್ದರು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ನಮ್ಮೂರಿನವರಲ್ಲ. ಸ್ವಲ್ಪ ಸರೀತೀರಾ ಎಂದು ನಾನು ಕೇಳಿದೆ, ಅವರು ತಿರುಗಿಯೂ ನೋಡಲಿಲ್ಲ. ಮಕ್ಕಳಿಗೆ ಹೇಳೋಣವೆಂದರೆ ಮುದುಕಿಯನ್ನು ಎತ್ತಿ ಸರಿಸಲು ಆಗುತ್ತದೆಯೇ? ಅಷ್ಟರಲ್ಲಿ ಮೈಕಿನಲ್ಲಿ ತಂಡದ ಮ್ಯಾನೇಜರು, ಇದು ಕಡೆಯ ಹಾಡು, ದಯವಿಟ್ಟು ಯಾರೂ ಬಸ್ಸಿಗೆ ಅಡ್ಡ ನಿಲ್ಲಬೇಡಿ ಎಂದರು. ಗುಣಪಾಲರು ಮುಂದಿನ ಸಾಲನ್ನು ಇನ್ನೊಂದು ಸಲ ನೋಡಿ, ಮ್ಯಾಂಡೋಲಿನ್ನಿನ ಮೇಲೆ ತಲೆ ಬಗ್ಗಿಸಿದರು.

ಏನೆಂದು ಕರೆಯುವುದು? ಅಕ್ಕ ಎನ್ನಲು ವಯಸ್ಸು ಹೆಚ್ಚು. ಅಜ್ಜಿ ಎಂದರೆ ಕೆರಳಿಯಾರು, ಹಲ್ಲೆಲ್ಲ ಗಟ್ಟಿಯಿದ್ದವು. ನಾನು ಅತ್ತೆ ಎನ್ನು ಎಂದೆ. ಚಂಪಕಾ ಬೆಚ್ಚಿಬಿದ್ದು ನನ್ನ ಬಾಯಿ ಮುಚ್ಚಿದಳು. ಅವಳು ಹೆದರಿದ್ದೂ ಸರಿಯೇ. ಅತ್ತೆಯೆಂದರೆ ಅತ್ತೆಗೆ ಮಗನಿರುತ್ತಾನೆ, ಗೊತ್ತುಗುರಿಯಿಲ್ಲದ ಯಾವನೋ ಬಂದು ನಾನು ನಿನ್ನ ಗಂಡ ಎಂದು ನಿಂತರೆ ಗುಣಪಾಲರಿಗೆ ಏನು ಹೇಳುವುದು? ನಮ್ಮೂರಿನ ಮದುವೆಯಾಗದ ಹುಡುಗಿಯರು ಆ ಪದವನ್ನು ಕನಸಿನಲ್ಲೂ ಆಡುವುದಿಲ್ಲ. ಅಪಾಯವಿಲ್ಲದ್ದು ಒಂದೇ ಪದ ಉಳಿದಿತ್ತು. ಅಪ್ಪ ಎಂಬ ಜಾಗವನ್ನು ನನ್ನ ಗಂಡನ ಕಡೆಯಿಂದ ಅಂಚೆಯವರು ತುಂಬಿದ್ದರು, ಅಮ್ಮ ಎಂಬ ಜಾಗ ಖಾಲಿಯೇ ಇತ್ತು. ತಾಯಿ ಸತ್ತ ಮೇಲೆ ಅವಳು ಆ ಪದವನ್ನು ಯಾರಿಗೂ ಕೊಟ್ಟಿರಲಿಲ್ಲ. ಈಗ ಅದನ್ನೂ ತೆಗೆದಳು. ಆ ಹೆಂಗಸಿನ ಕಿವಿಯ ಹತ್ತಿರ ಹೋಗಿ "ಅಮ್ಮಾ" ಎಂದಳು. ಆ ಪದದ ರೂಢಿಯೇ ತಪ್ಪಿಹೋಗಿತ್ತು ಅವಳಿಗೆ.

ಆ ಹೆಂಗಸು ಗಕ್ಕನೆ ತಿರುಗಿದರು. ತಮ್ಮ ಸೆರಗಿನಿಂದಲೇ ಇವಳ ಬೆವರು ಒರೆಸಿದರು. "ಇದೇನು ಜಡಿ ಹೆಣಕೊಂಡೀ, ಎಲ್ಲಾ ಬಿಚ್ಚೇದ. ದೊಡ್ಡವರ ಮುಂದ ಹಿಂಗ ಏದುಸಿರು ಬಿಟಗೋತ ನಿಲ್ಲಬಾರದು. ಬಾ ಹುಡುಗಿ, ಇಲ್ಲಿ ನಿಂದ್ರು," ಎಂದು ಕೈ ಹಿಡಿದು ಬೇಲಿಗೆ ಎಳೆದುಕೊಂಡರು. ಚಂಪಕಾ ಮುಂದಿನ ಸಾಲಿಗೆ ಬಂದುಬಿಟ್ಟಿದ್ದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಗ ಆ ಹೆಂಗಸು ವೇದಿಕೆಯ ಕಡೆ ಕೈ ತೋರಿಸಿದರು. "ಅಲ್ಲಿ ಮ್ಯಾಂಡೋಲಿನ್ ಬಾರಸ್ತಾನಲ್ಲ, ಅಂವ ನನ್ನ ಮಗಾ. ಈ ಊರಾಗ ಯಾವಾಕಿನೋ ಒಬ್ಬಾಕಿ ಮುಂದಿನ ಸಾಲಿಗೆ ಬರ್ತಾಳಂತ, ನಾನು ನೋಡಬೇಕಂತ. ಅದಕ್ಕ ಜಾಗಾ ಹಿಡಕೊಂಡು ನಿಂತೀನಿ. ಕಡೀ ಹಾಡು ಬಂತು, ಆಕಿ ಇನ್ನೂ ಬಂದಿಲ್ಲ."

ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಊರಿನ ಹುಡುಗಿಯರು ಹೆದರಿ ಬಿಟ್ಟ ಆ ಅತ್ತೆ ಎಂಬ ಪದವನ್ನೇ ಆಡಿದ್ದರೆ ಆಗಲೇ ಎಲ್ಲ ಸರಿಹೋಗುತ್ತಿತ್ತು. ಅಮ್ಮ ಎಂದು ಕರೆದು, ಗುಣಪಾಲರಿಗೆ ತಂಗಿಯಾಗಿ ಮುಂದಿನ ಸಾಲಿಗೆ ಬಂದು ನಿಂತಿದ್ದಳು ನನ್ನ ನಾದಿನಿ. ಅವಳ ಅಮ್ಮ ಎಂದರೆ ನನಗೆ ಅತ್ತೆ, ಅಂಚೆಯ ಮಾವನವರಿಗೆ ಹೆಂಡತಿ ಎಂಬ ಇನ್ನೊಂದು ಭಯವೂ ಅದರ ನಡುವೆಯೇ ಹಾದುಹೋಯಿತು, ಆದರೆ ಅದನ್ನು ಯೋಚಿಸುವ ಹೊತ್ತಲ್ಲ ಅದು. ಚಂಪಕಾಳ ಮುಖದಲ್ಲಿ ರಕ್ತವೇ ಇರಲಿಲ್ಲ.

ವೇದಿಕೆಯ ಮೇಲೆ ಗುಣಪಾಲರು ತಲೆ ಎತ್ತಿದರು, ನೋಡಿದರು. ಅವರ ಮುಖದ ತುಂಬ ನಗು ಹರಡಿತು. ಅವರ ಕೈ ಒಂದು ಸುತ್ತು ಹೆಚ್ಚಾಗಿಯೇ ನುಡಿಸಿತು, ಪಕ್ಕದ ತಬಲದವರು ತಿರುಗಿ ನೋಡುವಂತೆ. ಚಂಪಕಾ ಆ ನಗುವನ್ನು ಒಂದು ಗಳಿಗೆ ನೋಡಿ ಬೇಲಿಗೆ ಬೆನ್ನು ಹಾಕಿದಳು. ಮುಂದೆ ನಿಂತರೆ ಹೂಂ ಎಂದಂತೆ, ಹೂಂ ಎನ್ನುವ ಹಕ್ಕು ಅವಳ ಕೈಬಿಟ್ಟುಹೋಗಿತ್ತು. ಸುಳ್ಳು ಆಸೆ ತೋರಿಸುವುದಕ್ಕಿಂತ ಹಿಂದೆ ಹೋಗಿ ನಿಲ್ಲುವುದು ಮೇಲು ಎಂದುಕೊಂಡಳು. ದಾರಿ ಬಿಡಿ, ಹಿಂದಕ್ಕೆ ಹೋಗಬೇಕು ಎಂದು ಆರು ಮಕ್ಕಳಿಗೆ ಹೇಳಿದಳು.

ಯಾರು ಬಿಡುತ್ತಾರೆ? ಆರೂ ಜನ ಎದೆಯೊಡ್ಡಿ ನಿಂತು, ನಿನಗೆ ಚೆನ್ನಾಗಿ ಕಾಣಲಿ ಎಂದು ತಾನೇ ಇಲ್ಲಿಗೆ ತಂದದ್ದು, ಕದಲಬೇಡ ಎಂದರು. ಹೆಡ್‌ಮಿಸ್ಸು ಕೊಡೆ ಅಡ್ಡ ಹಿಡಿದರು. ವೀಳ್ಯದೆಲೆಯ ಅಣ್ಣ ಹಿಂದಿನಿಂದ ಮೈ ತುಂಬ ಬೆವರಿಳಿಸುತ್ತಾ ಬಂದು, "ಹಿಂದಕ್ಕೆ ಹೋಗೋಕೇನು ನಾನು ಜಾಗ ಬಿಟ್ಟಿದ್ದು? ನನ್ನ ತಂಗಿ ಮುಂದೇನೇ ನಿಲ್ಲಬೇಕು," ಎಂದರು. ಬರುವಾಗ ಒಬ್ಬೊಬ್ಬರನ್ನೇ ಬೇಡಿಕೊಂಡು ಬಂದವಳಿಗೆ ವಾಪಸು ಹೋಗಲು ಒಂದು ಗೇಣು ದಾರಿಯಿಲ್ಲದಾಯಿತು. ಪ್ರೀತಿ ಮಾಡುವವರ ನಡುವೆ ಸಿಕ್ಕಿಬಿದ್ದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವರೆಲ್ಲ ಸಂಗೀತಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು. ನನಗೂ ಅಳು ಬಂತು.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟುತ್ತಿದ್ದಂತೆಯೇ ಗುಣಪಾಲರು ವೇದಿಕೆಯ ಅಂಚಿಗೆ ಬಂದು ಕೂತು ಬೇಲಿಯ ಮೇಲೆ ಬಗ್ಗಿದರು. ಹಿಂದಿನಿಂದ ಮ್ಯಾನೇಜರು, ಬಸ್ಸು ಹೊರಟಿತು ಎಂದು ಕೂಗುತ್ತಿದ್ದರು. ಗುಣಪಾಲರು ಅಳುತ್ತಿದ್ದವಳನ್ನು ನೋಡಿ ಗಾಬರಿಯಾಗಿ, "ಅವ್ವಾ, ಇವರೇ. ಯಾಕ ಅಳಾಕತ್ತಾರ? ನೀ ಏನರೆ ಅಂದಿಯೇನು?" ಎಂದರು.

ಚಂಪಕಾ ಕಣ್ಣೊರೆಸಿಕೊಂಡು ಅವರನ್ನು ನೇರವಾಗಿ ನೋಡಿದಳು. "ನಾನು ಬಂದದ್ದು ಹೂಂ ಅನ್ನೋಕೇನೇ. ಆದ್ರೆ ಜಾಗಕ್ಕೋಸ್ಕರ ಇವರನ್ನ ಅಮ್ಮ ಅಂತ ಕರೆದುಬಿಟ್ಟೆ. ನಮ್ಮೂರಲ್ಲಿ ಕರೆದದ್ದನ್ನ ವಾಪಸು ತಗೊಳ್ಳೋಕೆ ಆಗಲ್ಲ. ನಾನೀಗ ನಿಮ್ಮ ತಂಗಿ," ಎಂದಳು.

ವೀಳ್ಯದೆಲೆಯ ಅಣ್ಣನ ಬಾಯಿ ತೆರೆದೇ ಉಳಿಯಿತು, ಮಕ್ಕಳು ತಿನ್ನುವುದನ್ನು ನಿಲ್ಲಿಸಿದರು. ಗುಣಪಾಲರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರ ಮುಖವೂ ಇವಳ ಮುಖದ ಹಾಗೆಯೇ ಆಯಿತು. ಅವರ ತಾಯಿ ಮಾತ್ರ ಇಬ್ಬರನ್ನೂ ಸರತಿಯ ಮೇಲೆ ನೋಡಿ, ಇವೆಲ್ಲಿಯ ದಡ್ಡ ಜೀವಗಳು ಎನ್ನುವ ಹಾಗೆ ನಿಟ್ಟುಸಿರು ಬಿಟ್ಟರು.

"ಯಾವ ತಂಗಿ? ನನ್ನ ಹೊಟ್ಟ್ಯಾಗ ಹುಟ್ಟಿದವರು ನನಗ ಅವ್ವಾ ಅಂತಾರ. ಈಗಷ್ಟ ಇಂವ ಕರದದ್ದು ಕೇಳಲಿಲ್ಲೇನು? ನನ್ನ ಹಿರೀ ಸೊಸಿ ನಿಮ್ಮ ಕಡ್ಯಾಕಿ, ಬಂದ ದಿನದಿಂದ ಅಮ್ಮಾ ಅಂತ ಕರೀತಾಳ. ನಮ್ಮ ಮನ್ಯಾಗ ಅಮ್ಮಾ ಅನ್ನಾಕಿ ಸೊಸಿ."

ನನಗೆ ತಟ್ಟನೆ ಹೊಳೆಯಿತು. ಕರೆದ ಕೂಡಲೇ ಅವರು ಬೆವರು ಒರೆಸಿದ್ದು ನಿಜ, ಆದರೆ ಮೊದಲು ಆಡಿದ ಮಾತು ಜಡೆ ಸರಿಯಿಲ್ಲ ಎಂದು, ಎರಡನೆಯ ಮಾತು ದೊಡ್ಡವರ ಮುಂದೆ ಹೇಗೆ ನಿಲ್ಲಬೇಕೆಂದು. ಯಾವ ತಾಯಿ ಮಗಳನ್ನು ಕಂಡ ಕೂಡಲೇ ಹಾಗೆನ್ನುತ್ತಾಳೆ? ಕಟ್ಟು ಹಿಡಿಯುವಾಗಲೇ ಸರಿಯಾಗಿ ಹಿಡಿದಿತ್ತು, ನಾವೇ ಪೆದ್ದರ ಹಾಗೆ ಅತ್ತಿದ್ದೆವು. ನಾನು ಇದನ್ನು ಅಲ್ಲಿದ್ದವರಿಗೆಲ್ಲ ಬಿಡಿಸಿ ಹೇಳಿದೆ. ಹೆಡ್‌ಮಿಸ್ಸು ತಲೆದೂಗಿ, ಪದ ಕೇಳಿದವರ ಮನೆಯಲ್ಲಿ ಅದಕ್ಕೆ ಯಾವ ಅರ್ಥವೋ ಆ ಅರ್ಥವೇ ಸರಿ ಎಂದು ತೀರ್ಪು ಕೊಟ್ಟರು. ವೀಳ್ಯದೆಲೆಯ ಅಣ್ಣ ಜೋರಾಗಿ ಮೂಗು ಸೀಟಿಕೊಂಡರು. ಮ್ಯಾನೇಜರು ಬಸ್ಸಿನ ಹಾರನ್ನು ಒತ್ತಿಸುತ್ತಲೇ ಇದ್ದರು, ಯಾರೂ ಆ ಕಡೆ ನೋಡಲಿಲ್ಲ.

ಗುಣಪಾಲರು ಮ್ಯಾಂಡೋಲಿನ್ ಎದೆಗೆ ಅವುಚಿಕೊಂಡು ಇನ್ನೂ ಅಂಚಿನಲ್ಲೇ ಕೂತಿದ್ದರು. ಒಂದು ವರ್ಷದ ಹಿಂದೆ ಹೇಳಿಸಿಕೊಂಡ ಮಾತನ್ನು ಮೀರುವ ಧೈರ್ಯ ಅವರಿಗಿರಲಿಲ್ಲ, ಇವಳನ್ನು ಏನೆಂದು ಕರೆಯಬೇಕೋ ತಿಳಿಯದೆ ಬಾಯಿ ತೆರೆದು ಮುಚ್ಚಿದರು. ಚಂಪಕಾ ಬೇಲಿಯ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಕಿವಿಯೆಲ್ಲ ಕೆಂಪಾಗಿತ್ತು. ನಮ್ಮೂರಿನ ಹೆಂಗಸರು ಒಬ್ಬರಿಗೆಂದು ಮಾತ್ರ ಇಟ್ಟುಕೊಂಡು, ಬೇರೆ ಯಾರ ಎದುರಿಗೂ ಮರೆತೂ ಆಡದ ಒಂದಕ್ಷರವಿದೆ. ಅದನ್ನಾಡಿದ ಮೇಲೆ ತಾಳಿ, ಓಲಗ, ಊಟ ಎಲ್ಲ ಬರೀ ನೆಂಟರ ಸಂತೋಷಕ್ಕೆ.

"ರೀ," ಎಂದಳು.

ಪಾಪ, ಹೊರಗಿನವರು, ಅವರಿಗೇನು ಗೊತ್ತು. ಯಾರನ್ನು ಕರೆದಳೋ ಎಂದು ಹಿಂದೆ ತಿರುಗಿ ನೋಡಿದರು. ಅವರ ತಾಯಿ ಬೇಲಿಯೊಳಗಿಂದ ಕೈ ಹಾಕಿ ಮಗನ ಮೊಣಕಾಲಿಗೆ ಬಲವಾಗಿ ಚಿವುಟಿದರು. "ಏ, ನಿನ್ನ ಹೇಣ್ತಿ ಕರಿಯಾಕತ್ತಾಳ," ಎಂದರು.

ಗುಣಪಾಲರು "ಓ" ಎಂದರು.